ಸೂಪರ್ ಕೆಪಾಸಿಟರ್ ಎಲೆಕ್ಟ್ರೋಡ್ ಕೈಕೊಟ್ಟಾಗ: ಗ್ರಾಫೀನ್, ನ್ಯಾನೊಟ್ಯೂಬ್ ಸೆಲ್‌ಗಳ ದೋಷ ನಿವಾರಣೆ ಕೈಪಿಡಿ

ಸೂಪರ್ ಕೆಪಾಸಿಟರ್ ಎಂದರೆ ಎಲೆಕ್ಟ್ರೋಡ್‌ನ ಮೇಲ್ಮೈಯಲ್ಲಿ ಅಯಾನುಗಳನ್ನು ಕೂಡಿಸಿ ಚಾರ್ಜ್ ಹಿಡಿದಿಡುವ ಸಾಧನ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಹಚ್ಚಿದ 12 ಮಿಲಿಮೀಟರ್ ಅಗಲದ ಒಂದು ಡಿಸ್ಕ್ ಮೇಲೆ ಇರುವ ಕಾರ್ಬನ್ ಸಾಮಾನ್ಯವಾಗಿ ಎರಡು ಮಿಲಿಗ್ರಾಂ. ಅದನ್ನು ಹೊತ್ತ ನಿಕಲ್ ಫೋಮ್ (ಸ್ಪಂಜಿನಂಥ ಲೋಹ) ಸುಮಾರು 40 ಮಿಲಿಗ್ರಾಂ. ಇದರ ಜೊತೆಗೆ ಎರಡು ಎಲೆಕ್ಟ್ರೋಡ್ ತಾಗದಂತೆ ನಡುವೆ ಇಡುವ ಸೆಪರೇಟರ್, ಅಯಾನುಗಳಿರುವ ದ್ರಾವಣವಾದ ಎಲೆಕ್ಟ್ರೋಲೈಟ್, ಕ್ಲಿಪ್, ವೈರ್. ವಸ್ತು ಇಷ್ಟು ಹಗುರವಾಗಿದ್ದಾಗ ಸುತ್ತಲಿನ ಸಣ್ಣ ತಪ್ಪೂ ಗ್ರಾಫ್ ಮೇಲೆ ದೊಡ್ಡದಾಗಿ ಬಂದು ಕೂರುತ್ತದೆ. ರಿಸಲ್ಟ್ ಕೆಟ್ಟಿತೆಂದರೆ ಮೊದಲು ಕ್ಲಿಪ್ ಅನುಮಾನಿಸಿ, ಆಮೇಲೆ ತೂಕ, ಆಮೇಲೆ ಎಲೆಕ್ಟ್ರೋಡ್ ಪೂರ್ತಿ ನೆನೆದಿದೆಯೇ ಎಂಬುದು. ತಿಂಗಳುಗಟ್ಟಲೆ ಕೂತು ತಯಾರಿಸಿದ ವಸ್ತುವನ್ನು ಅನುಮಾನಿಸುವುದು ಕಟ್ಟಕಡೆಗೆ. ಇಲ್ಲಿನ ತಪಾಸಣೆಗಳಲ್ಲೂ ವಸ್ತುವಿನ ಸರದಿ ಕೊನೆಗೇ.

ಇಲ್ಲಿ ಮುಖ್ಯವಾಗಿ ಎರಡು ಬಗೆಯ ಲ್ಯಾಬ್ ಸೆಲ್‌ಗಳು ಕಣ್ಣ ಮುಂದಿವೆ. ಒಂದು, ನಿಕಲ್ ಫೋಮ್ ಮೇಲೆ ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ತೆಗೆದ ಗ್ರಾಫೀನ್ ಆಕ್ಸೈಡ್) ಹಚ್ಚಿ 6 ಮೋಲಾರ್ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಲ್ಲಿ ನಡೆಸುವ ಸೆಲ್. ಇನ್ನೊಂದು, ಗ್ರಾಫೈಟ್ ಫಾಯಿಲ್ ಮೇಲೆ ಹಚ್ಚಿ 1 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ನಡೆಸುವುದು. ಎರಡರಲ್ಲೂ ಎರಡು ಕಡೆ ಒಂದೇ ಬಗೆಯ ಎಲೆಕ್ಟ್ರೋಡ್, ವೋಲ್ಟೇಜ್ 1 ವೋಲ್ಟ್ ಒಳಗೆ.

ಕೈ ಹಾಕುವ ಮುನ್ನ

6 ಮೋಲಾರ್ ಹೈಡ್ರಾಕ್ಸೈಡ್ ಕಣ್ಣಿಗೆ ಬಿದ್ದರೆ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ, ಮೊದಮೊದಲು ಅಷ್ಟಾಗಿ ಉರಿಯದೆಯೂ ಇರಬಹುದು. ಕನ್ನಡಕ, ನೈಟ್ರೈಲ್ ಗ್ಲೌಸ್ ಇಲ್ಲದೆ ಸೆಲ್ ಬಿಚ್ಚಬೇಡಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಆಸಿಡ್ ತೆಳುಮಾಡುವಾಗ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಒಣಗಿದ ನ್ಯಾನೊಟ್ಯೂಬ್ (ಕಾರ್ಬನ್‌ನ ಅತಿಸಣ್ಣ ಕೊಳವೆ), ಗ್ರಾಫೀನ್ ಪುಡಿಯನ್ನು ಫ್ಯೂಮ್ ಹುಡ್ (ಗಾಳಿ ಹೊರಗೆಳೆಯುವ ಗೂಡು) ಒಳಗೇ ತೂಗಿ, ಎನ್95 ಮಾಸ್ಕ್ ಹಾಕಿ. ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಟಿಶ್ಯೂನಲ್ಲಿ ಒರೆಸಿ ತೆಗೆಯಿರಿ.

ಲ್ಯಾಬ್ ಸೆಲ್‌ನಲ್ಲಿರುವ ಚಾರ್ಜ್ ಅಲ್ಪ. ಅಂಗಡಿಯ ದೊಡ್ಡ ಸೆಲ್ ಹಾಗಲ್ಲ. 3000 ಫ್ಯಾರಡ್, 2.7 ವೋಲ್ಟ್ ಸೆಲ್ ತುಂಬಿದ್ದಾಗ ಸುಮಾರು 11 ಕಿಲೋಜೂಲ್ ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ತಗುಲಿದರೆ ಲೋಹ ಕರಗಿ ಸಿಡಿಯುತ್ತದೆ. 1 ಓಮ್, 10 ವ್ಯಾಟ್‌ಗಿಂತ ಕಡಿಮೆಯಿಲ್ಲದ ರೆಸಿಸ್ಟರ್ ಕಟ್ಟಿ ಖಾಲಿಮಾಡಿ. ಅದಕ್ಕೇ ಸುಮಾರು ನಾಲ್ಕು ಗಂಟೆ ಬೇಕು. ರೆಸಿಸ್ಟರ್ ತೆಗೆದ ಮೇಲೆ ವೋಲ್ಟೇಜ್ ಸ್ವಲ್ಪ ಮರಳಿ ಏರುತ್ತದೆ, ಹಾಗಾಗಿ ಖಾಲಿಯಾದ ಸೆಲ್‌ನ ಎರಡು ತುದಿಗಳನ್ನೂ ವೈರ್‌ನಿಂದ ಸೇರಿಸಿಯೇ ಇಡಿ. ಸಂಶೋಧನೆಗೆಂದು ಇಂಥ ಸೆಲ್ ಬಿಚ್ಚಲು ಹೋಗಬೇಡಿ. ಹಲವದರ ಒಳಗೆ ಅಸಿಟೋನೈಟ್ರೈಲ್ ಇರುತ್ತದೆ, ಅದು ವಿಷ, ಜೊತೆಗೆ ಬೆಂಕಿಯೂ ಬೇಗ ಹತ್ತುತ್ತದೆ.

ಲಕ್ಷಣ: ಯಾವ ಸೆಲ್ ಹಾಕಿದರೂ ರಿಸಲ್ಟ್ ವಿಚಿತ್ರ

ಒಂದು ಸೆಲ್ ಕೆಟ್ಟರೆ ಸೆಲ್‌ನ ತಪ್ಪು. ಎಲ್ಲವೂ ಕೆಟ್ಟರೆ ಪೊಟೆನ್ಷಿಯೊಸ್ಟ್ಯಾಟ್ (ಸೆಲ್‌ಗೆ ವೋಲ್ಟೇಜ್, ಕರೆಂಟ್ ಕೊಟ್ಟು ಅಳೆಯುವ ಯಂತ್ರ) ಅಥವಾ ಕೇಬಲ್ ಕಡೆ ತಿರುಗಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ 1 ಫ್ಯಾರಡ್, 2.7 ವೋಲ್ಟ್ ಕೆಪಾಸಿಟರ್ ಒಂದನ್ನು ಲ್ಯಾಬ್‌ನಲ್ಲಿ ಸದಾ ಇಟ್ಟುಕೊಳ್ಳಿ. ಅದಕ್ಕೆ 10 ಮಿಲಿಆಂಪ್ ಕೊಟ್ಟರೆ 0ಯಿಂದ 1 ವೋಲ್ಟ್ ಏರಲು ಸುಮಾರು 100 ಸೆಕೆಂಡ್ ಬೇಕು. 10 ಓಮ್ ರೆಸಿಸ್ಟರ್‌ಗೆ ಅದೇ ಕರೆಂಟ್ ಕೊಟ್ಟರೆ 100 ಮಿಲಿವೋಲ್ಟ್ ತೋರಿಸಬೇಕು. ಈ ಎರಡೂ ಸರಿ ಬಂದರೆ ಯಂತ್ರದ ಮೇಲಿನ ಅನುಮಾನ ಬಿಡಿ.

ಬರದಿದ್ದರೆ ಕೇಬಲ್ ಜೋಡಣೆ ನೋಡಿ. ಎರಡು ಎಲೆಕ್ಟ್ರೋಡ್ ಸೆಲ್‌ನಲ್ಲಿ ರೆಫರೆನ್ಸ್ ವೈರ್ ಮತ್ತು ಕೌಂಟರ್ ವೈರ್ ಒಂದೇ ತುದಿಗೆ, ವರ್ಕಿಂಗ್ ಮತ್ತು ಸೆನ್ಸ್ ವೈರ್ ಇನ್ನೊಂದು ತುದಿಗೆ ಸೇರಬೇಕು. ಮೂರು ಎಲೆಕ್ಟ್ರೋಡ್ ಪ್ರಯೋಗ (ವೋಲ್ಟೇಜ್ ಅಳೆಯಲೆಂದೇ ಬೇರೆ ರೆಫರೆನ್ಸ್ ಎಲೆಕ್ಟ್ರೋಡ್ ಇರುವಂಥದು) ಮುಗಿಸಿದ ಮರುದಿನ ಈ ಜೋಡಣೆ ಬದಲಿಸಲು ಮರೆತು, ಸೆನ್ಸ್ ವೈರ್ ಗಾಳಿಯಲ್ಲಿ ನೇತಾಡುತ್ತಿರುವುದು ತೀರಾ ಸಾಮಾನ್ಯ.

ಲಕ್ಷಣ: ಡಿಸ್ಚಾರ್ಜ್ ಶುರುವಾದ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ

ಚಾರ್ಜ್ ಮುಗಿದು ಕರೆಂಟ್ ತಿರುಗಿದ ಕ್ಷಣ ಗ್ರಾಫ್ ನೇರ ಕೆಳಗೆ ಬಿದ್ದು, ಆಮೇಲೆ ಓರೆಯಾಗಿ ಇಳಿಯುತ್ತದೆ. ಇದು ಐಆರ್ ಡ್ರಾಪ್, ಅಂದರೆ ಒಳಗಿನ ರೋಧದಿಂದಾಗುವ ವೋಲ್ಟೇಜ್ ಕುಸಿತ. ವಿಶ್ರಾಂತಿಯಿಲ್ಲದೆ ಕರೆಂಟ್ ಪ್ಲಸ್‌ನಿಂದ ಮೈನಸ್‌ಗೆ ತಿರುಗುವ ಕಾರಣ, ಬಿದ್ದ ವೋಲ್ಟೇಜನ್ನು ಕರೆಂಟ್‌ನ ಎರಡರಷ್ಟರಿಂದ ಭಾಗಿಸಬೇಕು. 5 ಮಿಲಿಆಂಪ್‌ನಲ್ಲಿ 0.1 ವೋಲ್ಟ್ ಬಿದ್ದರೆ ಒಳಗಿನ ರೋಧ 10 ಓಮ್. ನಡುವೆ ವಿಶ್ರಾಂತಿ ಕೊಟ್ಟಿದ್ದರೆ ಭಾಗಿಸುವುದು ಒಂದೇ ಪಾಲು ಕರೆಂಟ್‌ನಿಂದ. 12 ಮಿಲಿಮೀಟರ್ ಡಿಸ್ಕ್, 6 ಮೋಲಾರ್ ಹೈಡ್ರಾಕ್ಸೈಡ್ ಇರುವ ಸೆಲ್‌ಗೆ ಒಂದೆರಡು ಓಮ್ ಸಹಜ. 10 ಓಮ್ ಎಂದರೆ ಎಲ್ಲೋ ಸಂಪರ್ಕ ಕೆಟ್ಟಿದೆ.

ಮೊದಲು ಕ್ಲಿಪ್‌ನ ಹಲ್ಲು ನೋಡಿ. ನಿಕಲ್ ಫೋಮ್ ಪಟ್ಟಿಯ ಒಂದು ತುದಿ ಬೀಕರ್‌ನಲ್ಲಿದ್ದರೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಫೋಮ್ ಎಲೆಕ್ಟ್ರೋಲೈಟನ್ನು ಮೇಲಕ್ಕೆ ಎಳೆಯುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಕ್ಲಿಪ್ ಮುಟ್ಟಿ, ತಾಮ್ರದ ಹಲ್ಲುಗಳ ಬುಡದಲ್ಲಿ ನೀಲಿ-ಹಸಿರು ಹರಳು ಕಟ್ಟುತ್ತದೆ, ಅಂಚಿನಲ್ಲಿ ಬಿಳಿ ಕಾರ್ಬೊನೇಟ್ ಪುಡಿ. ಹಾಗೆ ಕಂಡರೆ ಕ್ಲಿಪ್ ಬದಲಿಸಿ. ಮುಂದಿನ ಪಟ್ಟಿಯಲ್ಲಿ ಲೇಪ ಮುಗಿದ ಜಾಗದಿಂದ ಕ್ಲಿಪ್‌ವರೆಗಿನ ಭಾಗವನ್ನು ಒತ್ತಿ ಚಪ್ಪಟೆ ಮಾಡಿ ಎಪಾಕ್ಸಿ ಬಳಿಯಿರಿ. ಹೀಗೆ ಬಳಿದರೆ ದ್ರಾವಣ ಮೇಲೇರುವುದಿಲ್ಲ.

ಕ್ಲಿಪ್ ಸರಿಯಿದ್ದರೆ ಒತ್ತಡ. ಸ್ಕ್ರೂ ಬಿಗಿಯುವ ಸೆಲ್ ಆದರೆ ಕಾಲು ಸುತ್ತು ಬಿಗಿಮಾಡಿ ಮತ್ತೆ ಅಳೆಯಿರಿ. ರೋಧ ತಟ್ಟನೆ ಇಳಿದರೆ ಕಾರಣ ಸಿಕ್ಕಂತೆ. ಕಾಯಿನ್ ಸೆಲ್ ಆದರೆ ಸ್ಪ್ರಿಂಗ್ ಹಾಕಲು ಮರೆತಿರಬಹುದು, ಅಥವಾ ಎರಡು ಎಲೆಕ್ಟ್ರೋಡ್ ಸೇರಿದ ದಪ್ಪ ಸಾಲದೆ ಒಳಗೆ ಸಡಿಲ ಉಳಿದಿರಬಹುದು, 0.5 ಮಿಲಿಮೀಟರ್ ಸ್ಪೇಸರ್ ಇನ್ನೊಂದು ಸೇರಿಸಿ ನೋಡಿ. ಆಮೇಲೆ ಎಲೆಕ್ಟ್ರೋಲೈಟ್ ಪ್ರಮಾಣ. ಸೆಪರೇಟರ್ ಅಂಚು ಬೆಳ್ಳಗೆ ಒಣಗಿ ಕಂಡರೆ ಕೆಲವು ಹನಿ ಹಾಕಿದರೆ ಸಾಕು.

ಇಷ್ಟಾದ ಮೇಲೂ ರೋಧ ಇಳಿಯದಿದ್ದರೆ ಇಂಪೀಡೆನ್ಸ್ (ಬೇರೆ ಬೇರೆ ಆವರ್ತನದ ಎಸಿ ಕರೆಂಟ್‌ಗೆ ಸೆಲ್ ಒಡ್ಡುವ ತಡೆ) ತೆಗೆಯಿರಿ: 100 ಕಿಲೋಹರ್ಟ್ಜ್‌ನಿಂದ 10 ಮಿಲಿಹರ್ಟ್ಜ್‌ವರೆಗೆ, 5 ಅಥವಾ 10 ಮಿಲಿವೋಲ್ಟ್. ಆ ಅಳತೆಯ ಗ್ರಾಫ್ ಆದ ನೈಕ್ವಿಸ್ಟ್ ಗೆರೆ ಎಡಗಡೆ ಅಡ್ಡ ಅಕ್ಷವನ್ನು ಮುಟ್ಟುವ ಜಾಗವೇ ದೂರ ಸರಿದಿದ್ದರೆ ಕೊರತೆ ವೈರ್, ಕ್ಲಿಪ್ ಅಥವಾ ಎಲೆಕ್ಟ್ರೋಲೈಟ್‌ನದು. ಆ ಜಾಗ ಸರಿಯಿದ್ದು ಪಕ್ಕದ ಅರ್ಧವೃತ್ತ ದೊಡ್ಡದಾಗಿದ್ದರೆ ಲೇಪಕ್ಕೂ ಕರೆಂಟ್ ಕಲೆಕ್ಟರ್‌ಗೂ (ಲೇಪ ಹೊತ್ತ ಫೋಮ್ ಅಥವಾ ಫಾಯಿಲ್) ನಡುವಿನ ಸಂಪರ್ಕ ಕೆಟ್ಟಿದೆ. 45 ಡಿಗ್ರಿ ಓರೆಯ ಭಾಗ ಉದ್ದವಾಗಿದ್ದರೆ ಅಯಾನುಗಳು ರಂಧ್ರಗಳ ಒಳಹೋಗಲು ತಿಣುಕುತ್ತಿವೆ: ಲೇಪ ದಪ್ಪವಾಗಿದೆ ಅಥವಾ ಪೂರ್ತಿ ನೆನೆದಿಲ್ಲ. ಇದನ್ನು ಇಂಪೀಡೆನ್ಸ್‌ನಷ್ಟು ಬೇಗ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಉಪಕರಣ ಇದ್ದೂ ಬಳಸದೆ ಲೇಪ ಹಚ್ಚುವ ಸ್ಲರಿಯನ್ನು ಮತ್ತೆ ಮತ್ತೆ ಮಾಡುವುದು ವ್ಯರ್ಥ ಶ್ರಮ.

ಅರ್ಧವೃತ್ತ ದೊಡ್ಡದೆಂದು ಗೊತ್ತಾದರೆ ಲೇಪದ ಕಡೆ ಬನ್ನಿ. ಸಾಮಾನ್ಯ ಪಾಲು 80 ಭಾಗ ವಸ್ತು, 10 ಭಾಗ ಕಾರ್ಬನ್ ಬ್ಲ್ಯಾಕ್, 10 ಭಾಗ ಬೈಂಡರ್ (ಕಣಗಳನ್ನು ಅಂಟಿಸುವ ಪ್ಲಾಸ್ಟಿಕ್). ಲೇಪ ಉದುರುತ್ತದೆಂದು ಬೈಂಡರನ್ನು 20ಕ್ಕೆ ಏರಿಸಿದರೆ ಆ ಪ್ಲಾಸ್ಟಿಕ್ಕೇ ಕಣಗಳ ನಡುವೆ ಗೋಡೆಯಾಗುತ್ತದೆ. ನಿಕಲ್ ಫೋಮ್ ಮೇಲಿನ ಆಕ್ಸೈಡ್ ಪದರ ಇನ್ನೊಂದು ಕಾರಣ. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹತ್ತು ನಿಮಿಷ ಸೋನಿಕೇಟ್ ಮಾಡಿ (ಶ್ರವಣಾತೀತ ತರಂಗದಲ್ಲಿ ಅಲುಗಿಸಿ), ನೀರು ಮತ್ತು ಎಥನಾಲ್‌ನಲ್ಲಿ ತೊಳೆದು ಒಣಗಿಸಿದ ದಿನವೇ ಲೇಪ ಹಚ್ಚಿ. ಒಣಗಿದ ಎಲೆಕ್ಟ್ರೋಡನ್ನು 10 ಮೆಗಾಪಾಸ್ಕಲ್ ಆಸುಪಾಸಿನಲ್ಲಿ ಒಂದು ನಿಮಿಷ ಪ್ರೆಸ್ ಮಾಡಿದರೆ ಫೋಮ್ ಲೇಪವನ್ನು ಹಿಡಿದುಕೊಳ್ಳುತ್ತದೆ.

ಲಕ್ಷಣ: ಕೆಪಾಸಿಟೆನ್ಸ್ ನಿರೀಕ್ಷೆಯ ಅರ್ಧವೂ ಇಲ್ಲ

ಹತ್ತು ಮೈಕ್ರೋಲೀಟರ್ ಎಲೆಕ್ಟ್ರೋಲೈಟನ್ನು ಪಿಪೆಟ್‌ನಿಂದ ಒಣ ಎಲೆಕ್ಟ್ರೋಡ್ ಮೇಲೆ ಬಿಡಿ. ಹನಿ ಕೆಲವೇ ಸೆಕೆಂಡ್‌ಗಳಲ್ಲಿ ಇಂಗಿದರೆ ಒಳ್ಳೆಯದು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತರೆ ನಿಮ್ಮ ರಂಧ್ರಗಳಲ್ಲಿ ಗಾಳಿಯಿದೆ, ಎಲೆಕ್ಟ್ರೋಲೈಟ್ ಇಲ್ಲ. ಗ್ರಾಫೀನ್ ಆಕ್ಸೈಡನ್ನು ಹೆಚ್ಚು ರೆಡ್ಯೂಸ್ ಮಾಡಿದಷ್ಟೂ ಆಮ್ಲಜನಕದ ಗುಂಪುಗಳು ಹೋಗಿ, ವಿದ್ಯುತ್ ಚೆನ್ನಾಗಿ ಹರಿದರೂ ನೀರು ಹತ್ತಿರ ಸೇರುವುದಿಲ್ಲ. ನ್ಯಾನೊಟ್ಯೂಬ್‌ಗಳದೂ ಇದೇ ಕಥೆ.

ಇದರ ಪರಿಹಾರಕ್ಕೆ ದುಡ್ಡು ಬೇಡ. ಎಲೆಕ್ಟ್ರೋಡನ್ನು ಎಥನಾಲ್‌ನಲ್ಲಿ ಅದ್ದಿ, ನೀರಿನಲ್ಲಿ ಎರಡು ಸಲ ಬದಲಿಸಿ ತೊಳೆದು, ಎಲೆಕ್ಟ್ರೋಲೈಟ್‌ನಲ್ಲಿ ಮುಳುಗಿಸಿ ಡೆಸಿಕೇಟರ್‌ನಲ್ಲಿಡಿ (ಗಾಳಿ ಹೊರತೆಗೆಯಬಹುದಾದ ಬಿಗಿ ಪಾತ್ರೆ). ನಿಧಾನವಾಗಿ ವ್ಯಾಕ್ಯೂಮ್ ಎಳೆದಾಗ ಡಿಸ್ಕ್ ಅಂಚಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ಅವು ನಿಂತಾಗ ಗಾಳಿ ಮೆಲ್ಲಗೆ ಒಳಬಿಡಿ. ಆಗ ಎಲೆಕ್ಟ್ರೋಲೈಟ್ ರಂಧ್ರಕ್ಕೆ ನುಗ್ಗುತ್ತದೆ. ಇದನ್ನು ಎರಡು ಮೂರು ಸಲ ಮಾಡಿ, ರಾತ್ರಿಯಿಡೀ ನೆನೆಯಲು ಬಿಡಿ. ಅಸಿಟೋನೈಟ್ರೈಲ್‌ನಂಥ ದ್ರಾವಕಕ್ಕೆ ಈ ವಿಧಾನ ಬೇಡ, ವ್ಯಾಕ್ಯೂಮ್‌ನಲ್ಲಿ ಅದು ಕುದಿದು ಹಾರಿಹೋಗುತ್ತದೆ.

ಮೊದಲ ಕೆಲವು ನೂರು ಸೈಕಲ್‌ಗಳಲ್ಲಿ ಕೆಪಾಸಿಟೆನ್ಸ್ ಇಳಿಯುವ ಬದಲು ಏರುತ್ತಿದ್ದರೆ ಅದೂ ಇದೇ ಲಕ್ಷಣ. ಸೆಲ್ ಓಡುತ್ತಲೇ ನೆನೆಯುತ್ತಿದೆ. ಅದನ್ನು ‘110 ಶೇಕಡಾ ಉಳಿಕೆ’ ಎಂದು ವರದಿ ಮಾಡಬೇಡಿ. ಏರಿಕೆ ನಿಂತ ಮೇಲಿನ ಬೆಲೆಯನ್ನೇ 100 ಎಂದು ಹಿಡಿಯಿರಿ.

ಚೆನ್ನಾಗಿ ನೆನೆದರೂ ಕಡಿಮೆಯಿದ್ದರೆ ಎಲೆಕ್ಟ್ರೋಲೈಟ್‌ನ ಸಾಂದ್ರತೆ ನೋಡಿ. ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಪೆಲೆಟ್ ಬಾಟಲಿ ಮೇಲೆ ಸಾಮಾನ್ಯವಾಗಿ 85 ಶೇಕಡಾ ಎಂದಿರುತ್ತದೆ, ಉಳಿದದ್ದು ಮುಖ್ಯವಾಗಿ ನೀರು. 100 ಮಿಲಿಲೀಟರ್ 6 ಮೋಲಾರ್ ದ್ರಾವಣಕ್ಕೆ ಲೆಕ್ಕದ 33.7 ಗ್ರಾಂ ಸಾಲದು, ಸುಮಾರು 39.6 ಗ್ರಾಂ ಬೇಕು. ಕರಗುವಾಗ ಬಿಸಿಯೇರುತ್ತದೆ, ಐಸ್‌ನಲ್ಲಿಟ್ಟು ಸ್ವಲ್ಪ ಸ್ವಲ್ಪ ಹಾಕಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಗಾಜನ್ನು ಅದು ನಿಧಾನಕ್ಕೆ ತಿನ್ನುತ್ತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗುತ್ತದೆ.

ಕೊನೆಗೆ ವಸ್ತುವಿನ ಸರದಿ. ಗ್ರಾಫೀನ್‌ನ ಹಾಳೆಗಳು ಒಣಗುವಾಗ ಒಂದರ ಮೇಲೊಂದು ಅಂಟಿಕೊಂಡರೆ ಮೇಲ್ಮೈ ಮುಚ್ಚಿಹೋಗುತ್ತದೆ. 100 ಡಿಗ್ರಿ ಓವನ್‌ನಲ್ಲಿ ಒಣಗಿಸಿದ ಮಾದರಿಯಲ್ಲಿ ಇದು ಬಹುತೇಕ ಖಚಿತ. ಆವಿಯಾಗುವ ನೀರಿನ ಸೆಳೆತವೇ ಹಾಳೆಗಳನ್ನು ಒಟ್ಟಿಗೆ ಎಳೆದುಬಿಡುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಹಾಳೆಗಳ ಅಂತರ ತೋರಿಸುವ ಪರೀಕ್ಷೆ) 26.5 ಡಿಗ್ರಿ ಕಡೆಗೆ ಸರಿದ ಚೂಪಾದ ಪೀಕ್ ಕಂಡರೆ ಅದು ಗ್ರಾಫೈಟ್ ಕಡೆಗೆ ಮರಳಿದೆ. 10-11 ಡಿಗ್ರಿಯಲ್ಲಿ ಪೀಕ್ ಉಳಿದಿದ್ದರೆ ರಿಡಕ್ಷನ್ ಪೂರ್ತಿಯಾಗಿಲ್ಲ. ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿ ವ್ಯಾಕ್ಯೂಮ್‌ನಲ್ಲಿ ಒಣಗಿಸಿ), ಅಥವಾ ಹಾಳೆಗಳ ನಡುವೆ ಅಡ್ಡ ನಿಲ್ಲಲು 10 ಶೇಕಡಾದಷ್ಟು ನ್ಯಾನೊಟ್ಯೂಬ್ ಬೆರೆಸಿ.

ಇಲ್ಲೊಂದು ಗಂಭೀರ ಎಚ್ಚರಿಕೆ. ಒಣ ಗ್ರಾಫೈಟ್ ಆಕ್ಸೈಡ್ ಬಿಸಿಯಾದಾಗ ತಾನೇ ಶಾಖ ಹೊರಹಾಕುತ್ತ ತಟ್ಟನೆ ಒಡೆಯುತ್ತದೆ. ಪೊಟ್ಯಾಸಿಯಮ್ ಲವಣ ತೊಳೆಯದೆ ಉಳಿದಿದ್ದರೆ ಉರಿಯುವ ಗುಣ ಇನ್ನೂ ಹೆಚ್ಚು. ಮುಚ್ಚಿದ ಟ್ಯೂಬ್‌ನಲ್ಲಿ ಗ್ರಾಂಗಟ್ಟಲೆ ಹಾಕಿ ವೇಗವಾಗಿ ಬಿಸಿಮಾಡಬೇಡಿ. ಗ್ರಾಫೈಟ್‌ನಿಂದ ಗ್ರಾಫೀನ್ ಆಕ್ಸೈಡ್ ಮಾಡುವ ಹಮ್ಮರ್ಸ್ ವಿಧಾನದಲ್ಲಿ ಪರ್ಮಾಂಗನೇಟನ್ನು ಸಲ್ಫ್ಯೂರಿಕ್ ಆಸಿಡ್‌ಗೆ ಸೇರಿಸುವಾಗ ಹಸಿರು ಬಣ್ಣ ಕಾಣುತ್ತದಲ್ಲ, ಆ ಮಿಶ್ರಣದಲ್ಲಿ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ 55 ಡಿಗ್ರಿ ದಾಟಿದರೆ ಸ್ಫೋಟಿಸಬಲ್ಲದು. ಐಸ್ ಮುಗಿದಿದ್ದರೆ ಆ ದಿನ ಆ ಕೆಲಸವೇ ಬೇಡ. ರಿಡಕ್ಷನ್‌ಗೆ ಹೈಡ್ರಜೀನ್ ಬದಲು ಆಸ್ಕಾರ್ಬಿಕ್ ಆಸಿಡ್ ಸಾಕಾಗುವ ಕಡೆ ಅದನ್ನೇ ಬಳಸಿ.

ಲಕ್ಷಣ: ಕೆಪಾಸಿಟೆನ್ಸ್ ನಂಬಲಾಗದಷ್ಟು ಹೆಚ್ಚು

ಇದನ್ನು ದೋಷವೆಂದು ಯಾರೂ ತರುವುದಿಲ್ಲ. ಆದರೆ ಹುಡುಕಲೇಬೇಕಾದ ದೋಷ ಇದೇ, ಏಕೆಂದರೆ ಕಡಿಮೆ ಬಂದದ್ದನ್ನು ನಾವೇ ಮತ್ತೆ ಅಳೆಯುತ್ತೇವೆ, ಹೆಚ್ಚು ಬಂದದ್ದನ್ನು ಹಾಗೇ ಪ್ರಬಂಧಕ್ಕೆ ಸೇರಿಸುತ್ತೇವೆ.

ಮಿತಿ ಗೊತ್ತಿರಲಿ. ಗ್ರಾಫೀನ್‌ನ ಗರಿಷ್ಠ ಮೇಲ್ಮೈ ಗ್ರಾಂಗೆ 2630 ಚದರ ಮೀಟರ್. ಚದರ ಸೆಂಟಿಮೀಟರ್‌ಗೆ 21 ಮೈಕ್ರೋಫ್ಯಾರಡ್ ಎಂದು ಹಿಡಿದರೆ ಗ್ರಾಂಗೆ ಸುಮಾರು 550 ಫ್ಯಾರಡ್. ಒಂದೊಂದು ಹಾಳೆಯೂ ಬಿಡಿಬಿಡಿಯಾಗಿ ಪೂರ್ತಿ ಒದ್ದೆಯಾದರೆ ಮಾತ್ರ ಅಷ್ಟು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2008ರಲ್ಲಿ ಗ್ರಾಫೀನ್ ಸೂಪರ್ ಕೆಪಾಸಿಟರ್ ಬಗ್ಗೆ ಪ್ರಕಟಿಸಿದಾಗ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬಂದದ್ದು ಗ್ರಾಂಗೆ 117 ಫ್ಯಾರಡ್‌ವರೆಗೆ. ಬೇರೇನೂ ಬೆರೆಸದ ಗ್ರಾಫೀನ್ ನಿಮ್ಮಲ್ಲಿ 700 ಕೊಡುತ್ತಿದ್ದರೆ ಸಂಭ್ರಮಕ್ಕೆ ಮೊದಲು ಕೆಳಗಿನವನ್ನು ನೋಡಿ.

ತೂಕ. ನಿಕಲ್ ಫೋಮ್‌ನ ಒಂದೇ ಶೀಟಿನಿಂದ ಕತ್ತರಿಸಿದ ಎರಡು ಡಿಸ್ಕ್‌ಗಳ ತೂಕದಲ್ಲಿ ಐದು ಶೇಕಡಾ ಅಂತರವಿದ್ದರೂ ಅದು 2 ಮಿಲಿಗ್ರಾಂ, ಅಂದರೆ ನಿಮ್ಮ ಇಡೀ ಲೇಪದಷ್ಟು. ಖಾಲಿ ಫೋಮ್ ಒಂದನ್ನು ತೂಗಿ ಎಲ್ಲದರಿಂದ ಕಳೆಯುವುದು ತಪ್ಪು. ಪ್ರತಿ ಡಿಸ್ಕ್‌ಗೂ ನಂಬರ್ ಕೊಟ್ಟು, ಲೇಪಕ್ಕೆ ಮೊದಲು ಮತ್ತು ವ್ಯಾಕ್ಯೂಮ್‌ನಲ್ಲಿ ಒಣಗಿಸಿದ ನಂತರ ಅದೇ ಡಿಸ್ಕ್ ತೂಗಿ, 0.01 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ, ಮೂರು ಮೂರು ಸಲ. 0.1 ಮಿಲಿಗ್ರಾಂ ತಕ್ಕಡಿಯಲ್ಲಿ 0.5 ಮಿಲಿಗ್ರಾಂ ಲೇಪ ತೂಗಿದರೆ 20 ಶೇಕಡಾ ತಪ್ಪು ಅಲ್ಲೇ ಹುಟ್ಟುತ್ತದೆ.

ಫೋಮ್‌ನದೇ ಕೊಡುಗೆ. ಹೈಡ್ರಾಕ್ಸೈಡ್‌ನಲ್ಲಿ ನಿಕಲ್ ಮೇಲ್ಮೈ ತಾನೇ ನಿಕಲ್ ಹೈಡ್ರಾಕ್ಸೈಡ್ ಆಗಿ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಏನೂ ಹಚ್ಚದ ಫೋಮನ್ನು ಅದೇ ವೋಲ್ಟೇಜ್ ವ್ಯಾಪ್ತಿಯಲ್ಲಿ, ಅದೇ ವೇಗದಲ್ಲಿ ಸಿವಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟ್ ಅಳೆಯುವ ಪರೀಕ್ಷೆ) ಮಾಡಿ. ಲೇಪದ ಸಿವಿಯಲ್ಲಿ ಕಂಡ ಪೀಕ್ ಇದರಲ್ಲೂ ಇದ್ದರೆ ಆ ಚಾರ್ಜ್ ನಿಮ್ಮ ವಸ್ತುವಿನದಲ್ಲ. ಆಸಿಡ್‌ನಲ್ಲಂತೂ ನಿಕಲ್ ಕರಗಿ ದ್ರಾವಣ ಹಸಿರಾಗುತ್ತದೆ. ಅಲ್ಲಿ ಗ್ರಾಫೈಟ್ ಫಾಯಿಲ್ ಬಿಟ್ಟು ಬೇರೆ ಯೋಚನೆ ಬೇಡ. ಮೂರು ಎಲೆಕ್ಟ್ರೋಡ್ ಜೋಡಣೆಯಲ್ಲಿ ಪ್ಲಾಟಿನಂ ಕೌಂಟರ್ ಕೂಡ ಆಸಿಡ್‌ನಲ್ಲಿ ಅಲ್ಪಸ್ವಲ್ಪ ಕರಗಿ ಕಾರ್ಬನ್ ಮೇಲೆ ಬಂದು ಕೂರುತ್ತದೆ. ದೀರ್ಘ ಸೈಕಲ್ ಪರೀಕ್ಷೆಗೆ ಗ್ರಾಫೈಟ್ ರಾಡ್ ಹಾಕಿ.

ನಾಲ್ಕರ ಲೆಕ್ಕ. ಎರಡು ಎಲೆಕ್ಟ್ರೋಡ್‌ಗಳು ಸರಣಿಯಲ್ಲಿರುವುದರಿಂದ ಸೆಲ್‌ನ ಕೆಪಾಸಿಟೆನ್ಸ್ ಒಂದೊಂದರ ಅರ್ಧ, ತೂಕ ಎರಡರಷ್ಟು. ಹಾಗಾಗಿ ಒಂದು ಎಲೆಕ್ಟ್ರೋಡ್‌ನ ಗ್ರಾಂವಾರು ಬೆಲೆ, ಸೆಲ್‌ನ ಗ್ರಾಂವಾರು ಬೆಲೆಯ ನಾಲ್ಕು ಪಟ್ಟು. ಶಕ್ತಿ ಲೆಕ್ಕ ಹಾಕುವಾಗ ಆ ನಾಲ್ಕನ್ನು ವಾಪಸ್ ಕೊಡಬೇಕು. ಮೇಲೆ ಹೇಳಿದ 2008ರ ಕೆಲಸದಲ್ಲೇ ಅಯಾನಿಕ್ ಲಿಕ್ವಿಡ್‌ನಲ್ಲಿ (ದ್ರವರೂಪದ ಲವಣ) 3.5 ವೋಲ್ಟ್, ಗ್ರಾಂಗೆ 75 ಫ್ಯಾರಡ್, ಕಿಲೋಗ್ರಾಂಗೆ 31.9 ವ್ಯಾಟ್-ಅವರ್ ಎಂದಿದೆ. ನೀವೇ ಲೆಕ್ಕ ಹಾಕಿ: 75ನ್ನು 3.5ರ ವರ್ಗದಿಂದ ಗುಣಿಸಿ 7.2ರಿಂದ (ಶಕ್ತಿಸೂತ್ರದ ಅರ್ಧ ಮತ್ತು ಜೂಲ್‌ನಿಂದ ವ್ಯಾಟ್-ಅವರ್‌ಗೆ ಬದಲಾವಣೆ ಸೇರಿದ ಅಂಕಿ) ಭಾಗಿಸಿದರೆ 127.6, ಅದನ್ನು ನಾಲ್ಕರಿಂದ ಭಾಗಿಸಿದರೆ 31.9. ನಾಲ್ಕನ್ನು ಮರೆತವರ ವರದಿಯಲ್ಲಿ ಸೂಪರ್ ಕೆಪಾಸಿಟರ್ ಲಿಥಿಯಂ ಬ್ಯಾಟರಿಯ ಮಟ್ಟಕ್ಕೆ ಏರಿ ಕೂತಿರುತ್ತದೆ.

ಲಕ್ಷಣ: ಗ್ರಾಂ ಲೆಕ್ಕದಲ್ಲಿ ಚೆಂದ, ಸೆಲ್ ಲೆಕ್ಕದಲ್ಲಿ ಏನೂ ಇಲ್ಲ

ಏರೋಜೆಲ್ (ಬಹುಪಾಲು ಗಾಳಿಯೇ ಇರುವ ಸ್ಪಂಜಿನಂಥ ವಸ್ತು) ಎಲೆಕ್ಟ್ರೋಡ್ ಮಾಡುವವರು ಇದನ್ನು ಎದುರಿಸಿಯೇ ತೀರುತ್ತಾರೆ. ಒಂದು ಘನ ಸೆಂಟಿಮೀಟರ್‌ಗೆ 20 ಮಿಲಿಗ್ರಾಂ ತೂಗುವ ಗ್ರಾಫೀನ್ ಏರೋಜೆಲ್, ಗ್ರಾಂಗೆ 200 ಫ್ಯಾರಡ್ ಕೊಡುತ್ತದೆ ಎನ್ನೋಣ. ಅದರ ಒಂದು ಘನ ಸೆಂಟಿಮೀಟರ್ ತುಂಡಿನಲ್ಲಿ 4 ಫ್ಯಾರಡ್ ಇದೆ. ಆದರೆ ಅದರ ಶೇಕಡಾ 99 ಭಾಗ ಖಾಲಿ. ಆ ಜಾಗವೆಲ್ಲ ಎಲೆಕ್ಟ್ರೋಲೈಟ್ ತುಂಬಿದಾಗ 6 ಮೋಲಾರ್ ಹೈಡ್ರಾಕ್ಸೈಡ್‌ನ ತೂಕವೇ ಸುಮಾರು 1.25 ಗ್ರಾಂ. ಒದ್ದೆ ತುಂಡನ್ನು ತೂಗಿದರೆ ಗ್ರಾಂಗೆ 3 ಫ್ಯಾರಡ್ ಚಿಲ್ಲರೆ. ಹಗುರ ಎನ್ನುವ ಗುಣ ನೆನೆದ ಕೂಡಲೇ ಹೋಯಿತು.

ಅದೇ ವಸ್ತುವನ್ನು ಘನ ಸೆಂಟಿಮೀಟರ್‌ಗೆ 0.5 ಗ್ರಾಂ ಆಗುವಷ್ಟು ಒತ್ತಿದರೆ ಒಂದು ಗ್ರಾಂ ಕಾರ್ಬನ್‌ಗೆ ಸುಮಾರು ಎರಡು ಗ್ರಾಂ ಎಲೆಕ್ಟ್ರೋಲೈಟ್ ಸಾಕು, ಒದ್ದೆ ತೂಕದಲ್ಲೂ ಗ್ರಾಂಗೆ 65-70 ಫ್ಯಾರಡ್ ಉಳಿಯುತ್ತದೆ. ಹಂತ ಹಂತವಾಗಿ ಒತ್ತಿ, ಪ್ರತಿ ಹಂತದಲ್ಲೂ ಇಂಪೀಡೆನ್ಸ್ ನೋಡಿ. 45 ಡಿಗ್ರಿ ಭಾಗ ಉದ್ದವಾಗತೊಡಗಿದ ಕಡೆ ನಿಲ್ಲಿಸಿ. ವರದಿಯಲ್ಲಿ ಚದರ ಸೆಂಟಿಮೀಟರ್‌ಗೆ ಎಷ್ಟು ಮಿಲಿಗ್ರಾಂ ಲೇಪ, ಎಷ್ಟು ದಪ್ಪ ಎಂಬುದನ್ನು ಬರೆಯಲೇಬೇಕು. ಮಾರುಕಟ್ಟೆಯ ಸೆಲ್‌ಗಳಲ್ಲಿ ಲೇಪ ಚದರ ಸೆಂಟಿಮೀಟರ್‌ಗೆ 10 ಮಿಲಿಗ್ರಾಂ ಆಸುಪಾಸು, ದಪ್ಪ 100ರಿಂದ 200 ಮೈಕ್ರೋಮೀಟರ್. ವಿಜ್ಞಾನಿಗಳಾದ ಯೂರಿ ಗೊಗೊಟ್ಸಿ ಮತ್ತು ಪ್ಯಾಟ್ರಿಸ್ ಸೈಮನ್ 2011ರಲ್ಲೇ ಈ ವಿಷಯ ಎತ್ತಿ, ತೆಳು ಲೇಪದ ಗ್ರಾಂವಾರು ಅಂಕಿಯನ್ನು ಇಡೀ ಸೆಲ್‌ಗೆ ಹಿಗ್ಗಿಸಬಾರದೆಂದು ಎಚ್ಚರಿಸಿದ್ದರು.

ಲಕ್ಷಣ: ಸಿವಿ ಆಯತದಂತಿಲ್ಲ

ಎಲೆಯಂತೆ ಎರಡು ತುದಿ ಚೂಪಾಗಿದ್ದರೆ ರೋಧ ಹೆಚ್ಚು; ಮೇಲಿನ ಐಆರ್ ಡ್ರಾಪ್ ಭಾಗಕ್ಕೆ ಹೋಗಿ. ಸೆಕೆಂಡಿಗೆ 5 ಮಿಲಿವೋಲ್ಟ್ ವೇಗದಲ್ಲಿ ಆಯತ, 100ರಲ್ಲಿ ಎಲೆ ಎಂದರೂ ಅದೇ. ಇಡೀ ಆಕೃತಿ ಓರೆಯಾಗಿ ವಾಲಿದ್ದರೆ ಒಳಗೆ ಸೋರಿಕೆಯಿದೆ. ಕೊನೆಯಲ್ಲಿ ಮಾತ್ರ ಬಾಲದಂತೆ ಮೇಲೆದ್ದರೆ ನೀರು ಒಡೆಯುತ್ತಿದೆ. ನೀರಿನ ಸಿದ್ಧಾಂತದ ಮಿತಿ 1.23 ವೋಲ್ಟ್ ಆದರೂ ಆಸಿಡ್, ಹೈಡ್ರಾಕ್ಸೈಡ್ ಸೆಲ್‌ಗಳನ್ನು 1 ವೋಲ್ಟ್ ದಾಟಿಸದಿರುವುದು ಕ್ಷೇಮ, 0.1 ವೋಲ್ಟ್ ಇಳಿಸಿದರೆ ಬಾಲ ಮಾಯವಾಗುತ್ತದೆಯೇ ನೋಡಿ. ಸೋಡಿಯಂ ಸಲ್ಫೇಟ್‌ನಂಥ ತಟಸ್ಥ ದ್ರಾವಣದಲ್ಲಿ ಕಾರ್ಬನ್ ಸೆಲ್‌ಗಳು 1.6 ವೋಲ್ಟ್‌ವರೆಗೂ ಹೋಗುತ್ತವೆ.

ಪೀಕ್‌ಗಳ ಜಾಗ ದಿನದಿಂದ ದಿನಕ್ಕೆ ಸರಿಯುತ್ತಿದ್ದರೆ ರೆಫರೆನ್ಸ್ ಎಲೆಕ್ಟ್ರೋಡ್ ಕೆಟ್ಟಿದೆ. ಸಿಲ್ವರ್ ಕ್ಲೋರೈಡ್ ರೆಫರೆನ್ಸನ್ನು ಹೈಡ್ರಾಕ್ಸೈಡ್‌ನಲ್ಲಿ ಅದ್ದುವ ರೂಢಿ ಬಿಡಬೇಕು. ಅಲ್ಲಿ ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ಬೇಕು. ಮ್ಯಾಂಗನೀಸ್ ಡೈಆಕ್ಸೈಡ್ ಎಲೆಕ್ಟ್ರೋಡ್ ಇರುವ ಬೀಕರ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ. ವೋಲ್ಟೇಜ್ ಮಿತಿಮೀರಿ ವಸ್ತು ಪರ್ಮಾಂಗನೇಟ್ ಆಗಿ ಕರಗುತ್ತಿದೆ.

ಲಕ್ಷಣ: ಚಾರ್ಜ್ ನಿಲ್ಲುವುದಿಲ್ಲ

1 ವೋಲ್ಟ್‌ಗೆ ಏರಿಸಿ ಬಿಟ್ಟ ಸೆಲ್ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಬಂದರೆ ಒಳಗೆ ಶಾರ್ಟ್ ಇದೆ. ಸೆಲ್ ಬಿಚ್ಚಿ ಸೆಪರೇಟರನ್ನು ಬೆಳಕಿಗೆ ಹಿಡಿಯಿರಿ. ಪಂಚ್ ಮಾಡಿದ ಫೋಮ್‌ನ ಅಂಚಿನ ತಂತಿ ಚುಚ್ಚಿದ ತೂತು ಚುಕ್ಕಿಯಂತೆ ಕಾಣುತ್ತದೆ. ಸೆಪರೇಟರನ್ನು ಎಲೆಕ್ಟ್ರೋಡ್‌ಗಿಂತ ಮೂರು ನಾಲ್ಕು ಮಿಲಿಮೀಟರ್ ಅಗಲ ಕತ್ತರಿಸಿ, ಬೇಕಾದರೆ ಎರಡು ಪದರ ಹಾಕಿ.

ಗಂಟೆಗಟ್ಟಲೆ ನಿಧಾನವಾಗಿ ಇಳಿದರೆ ಮೊದಲು ಚಾರ್ಜ್ ಮಾಡಿದ ರೀತಿ ನೋಡಿ. ಮುಟ್ಟಿ ಬಿಟ್ಟಂತೆ ಚಾರ್ಜ್ ಮಾಡಿದರೆ ಹೊರ ರಂಧ್ರಗಳು ಮಾತ್ರ ತುಂಬಿರುತ್ತವೆ, ಬಿಟ್ಟ ಮೇಲೆ ಅದೇ ಚಾರ್ಜ್ ಒಳ ರಂಧ್ರಗಳಿಗೆ ಹಂಚಿಹೋಗುತ್ತದೆ. ಅದು ಸೋರಿಕೆಯಲ್ಲ. 1 ವೋಲ್ಟ್‌ನಲ್ಲಿ ಕನಿಷ್ಠ ಒಂದು ಗಂಟೆ ಹಿಡಿದು ಮತ್ತೆ ಅಳೆಯಿರಿ. ಆಮೇಲೂ ಇಳಿದರೆ ಗ್ರಾಫ್ ಬಿಡಿಸಿ: ವೋಲ್ಟೇಜ್‌ನ ಲಾಗ್ ಸಮಯದೊಂದಿಗೆ ನೇರ ಗೆರೆಯಾದರೆ ರೋಧದ ಮೂಲಕ ಸೋರಿಕೆ. ವೋಲ್ಟೇಜ್ ಸಮಯದ ವರ್ಗಮೂಲದೊಂದಿಗೆ ನೇರ ಗೆರೆಯಾದರೆ ಯಾವುದೋ ಕಲ್ಮಶ ಅಯಾನು ಎರಡು ಎಲೆಕ್ಟ್ರೋಡ್‌ಗಳ ನಡುವೆ ಓಡಾಡಿ ಚಾರ್ಜ್ ಸಾಗಿಸುತ್ತಿದೆ.

ಆ ಕಲ್ಮಶ ಹೆಚ್ಚಾಗಿ ಕಬ್ಬಿಣ ಅಥವಾ ಮ್ಯಾಂಗನೀಸ್. ನ್ಯಾನೊಟ್ಯೂಬ್ ಬೆಳೆಸಲು ಬಳಸಿದ ಕಬ್ಬಿಣ, ಕೋಬಾಲ್ಟ್ ಕಣಗಳು ಒಳಗೇ ಉಳಿದಿರುತ್ತವೆ; ಹಮ್ಮರ್ಸ್ ವಿಧಾನದ ಮ್ಯಾಂಗನೀಸ್ ಗ್ರಾಫೀನ್ ಆಕ್ಸೈಡ್‌ನಲ್ಲಿ ಉಳಿಯುತ್ತದೆ. 5-10 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆದು, ಆಮೇಲೆ ಡಿಐ (ಅಯಾನು ತೆಗೆದ) ನೀರಿನಲ್ಲಿ ತೊಳೆಯಿರಿ. ತೊಳೆದ ನೀರಿಗೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಗಸಿ ಬರುವವರೆಗೂ ಸಲ್ಫೇಟ್ ಉಳಿದಿದೆ ಎಂದೇ ಅರ್ಥ. ಬೇರಿಯಂ ಲವಣ ವಿಷ, ಸಿಂಕ್‌ಗೆ ಸುರಿಯಬೇಡಿ.

ಲಕ್ಷಣ: ಸಾವಿರ ಸೈಕಲ್ ಆದಮೇಲೆ ಸೊರಗುತ್ತದೆ

ಶುರುವಿನ ಮತ್ತು ಈಗಿನ ಎರಡು ಅಂಕಿಗಳನ್ನು ಹೋಲಿಸಿ. ರೋಧ ಏರಿ ಕೆಪಾಸಿಟೆನ್ಸ್ ಹಾಗೇ ಇದ್ದರೆ ಸಂಪರ್ಕ ಅಥವಾ ತುಕ್ಕು. ಕೆಪಾಸಿಟೆನ್ಸ್ ಇಳಿದು ರೋಧ ಹಾಗೇ ಇದ್ದರೆ ರಂಧ್ರ ಮುಚ್ಚಿದೆ ಅಥವಾ ವಸ್ತು ಉದುರಿದೆ. ಸೆಪರೇಟರ್ ಮೇಲೆ ಕಪ್ಪು ಪುಡಿ ಅಂಟಿರುತ್ತದೆ. ಎರಡೂ ಕೆಟ್ಟಿದ್ದರೆ ಒಣಗಿರುವ ಸಾಧ್ಯತೆ ಹೆಚ್ಚು. ಹೊಸ ಎಲೆಕ್ಟ್ರೋಲೈಟ್ ಹಾಕಿದಾಗ ಚೇತರಿಸಿಕೊಂಡರೆ ವಸ್ತುವಿನ ತಪ್ಪಲ್ಲ, ಸೀಲ್‌ನ ತಪ್ಪು.

ಉದುರುತ್ತಿದ್ದರೆ ಬೈಂಡರ್ ಕಡೆ ನೋಡಿ. ಪಿವಿಡಿಎಫ್ ಎಂಬ ಬೈಂಡರ್ ಗಾಢ ಹೈಡ್ರಾಕ್ಸೈಡ್‌ನಲ್ಲಿ ನಿಧಾನಕ್ಕೆ ಫ್ಲೋರಿನ್ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ಅಲ್ಲಿ ಪಿಟಿಎಫ್‌ಇ (ಟೆಫ್ಲಾನ್) ಒಳ್ಳೆಯದು: 60 ಶೇಕಡಾ ಡಿಸ್ಪರ್ಷನ್ ತೆಗೆದುಕೊಂಡು, ಒಣ ಲೆಕ್ಕದಲ್ಲಿ 5-10 ಶೇಕಡಾ ಆಗುವಷ್ಟು ಬೆರೆಸಿ, ಎಥನಾಲ್ ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಿ, 100-150 ಮೈಕ್ರೋಮೀಟರ್‌ಗೆ ಲಟ್ಟಿಸಿ. ನಾದಿದಷ್ಟೂ ಪಿಟಿಎಫ್‌ಇ ನೂಲಿನಂತೆ ಎಳೆಬಿಟ್ಟು ಪುಡಿಯನ್ನು ಹಿಡಿಯುತ್ತದೆ. ಆಸಿಡ್ ಸೆಲ್‌ಗೆ ಪಿವಿಡಿಎಫ್ ಆಗಬಹುದು. ಮೊದಲು ಎನ್‌ಎಂಪಿ ಎಂಬ ದ್ರಾವಕದಲ್ಲಿ ಅದನ್ನು ಪೂರ್ತಿ ಕರಗಿಸಿ ಆಮೇಲೆ ಪುಡಿ ಸೇರಿಸಿ, 80 ಡಿಗ್ರಿಯಲ್ಲಿ ನಿಧಾನ ಒಣಗಿಸಿ. ಆತುರದಿಂದ 120ಕ್ಕೆ ಏರಿಸಿದರೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಎನ್‌ಎಂಪಿ ಗರ್ಭಸ್ಥ ಶಿಶುವಿಗೆ ಹಾನಿ ಮಾಡುವ ದ್ರಾವಕ. ಹುಡ್ ಹೊರಗೆ ಅದರ ಬಾಟಲಿ ತೆರೆಯಬೇಡಿ.

ಹತ್ತು ಸಾವಿರ ಸೈಕಲ್ ಸಲೀಸಾಗಿ ದಾಟಿದ ಸೆಲ್ ಬಳಕೆಯಲ್ಲಿ ಬೇಗ ಸಾಯುವುದೂ ಉಂಟು. ವೇಗದ ಸೈಕಲ್‌ನಲ್ಲಿ ಸೆಲ್ ಪೂರ್ತಿ ವೋಲ್ಟೇಜ್‌ನಲ್ಲಿ ಇರುವುದು ಕ್ಷಣಮಾತ್ರ. ಕಾರ್ಬನ್ ಸುಡುವುದು, ಕಲೆಕ್ಟರ್ ತುಕ್ಕು ಹಿಡಿಯುವುದು ಆ ವೋಲ್ಟೇಜ್‌ನಲ್ಲೇ. ಹತ್ತು ಗಂಟೆ ಗರಿಷ್ಠ ವೋಲ್ಟೇಜ್‌ನಲ್ಲಿ ಹಿಡಿದು, ಐದು ಸೈಕಲ್ ಅಳೆದು, ಮತ್ತೆ ಹಿಡಿಯುವ ಪರೀಕ್ಷೆ ಮಾಡಿ. ಕೆಪಾಸಿಟೆನ್ಸ್ 20 ಶೇಕಡಾ ಇಳಿದಾಗ ಅಥವಾ ರೋಧ ಎರಡರಷ್ಟಾದಾಗ ಸೆಲ್‌ನ ಆಯಸ್ಸು ಮುಗಿಯಿತೆಂದು ಹಿಡಿಯುವುದು ವಾಡಿಕೆ.

ಎಲ್ಲಿ ನಿಲ್ಲಿಸಬೇಕು

ಪೌಚ್ ಸೆಲ್ ಉಬ್ಬಿದರೆ, ಕಾಯಿನ್ ಸೆಲ್ ಮುಚ್ಚಳ ಎದ್ದರೆ, ಸೆಲ್ ಮುಟ್ಟಿದಾಗ ಬಿಸಿಯಿದ್ದರೆ, ಸುಟ್ಟ ಅಥವಾ ಈಥರ್‌ನಂಥ ವಾಸನೆ ಬಂದರೆ ಪೊಟೆನ್ಷಿಯೊಸ್ಟ್ಯಾಟ್ ನಿಲ್ಲಿಸಿ, ಸೆಲ್ಲನ್ನು ಹುಡ್ ಒಳಗಿಟ್ಟು ಲ್ಯಾಬ್‌ನ ಸುರಕ್ಷತಾ ಜವಾಬ್ದಾರರನ್ನು ಕರೆಯಿರಿ. ಚುಚ್ಚಿ ಗಾಳಿ ಬಿಡಬೇಡಿ. ಮ್ಯಾಕ್ಸೀನ್ (ಗ್ರಾಫೀನ್‌ನಂತೆ ಹಾಳೆಯಾಗಿರುವ ಲೋಹ ಕಾರ್ಬೈಡ್) ತಯಾರಿಯಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಬಳಸುವುದಾದರೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವಲ್ಲಿ ಇರಬೇಕು, ತರಬೇತಾದ ಇನ್ನೊಬ್ಬರು ಕೋಣೆಯಲ್ಲಿರಬೇಕು. ಇವೆರಡರಲ್ಲಿ ಒಂದಿಲ್ಲದಿದ್ದರೂ ಶುರುಮಾಡಬೇಡಿ.

ಸಂಪರ್ಕ, ತೂಕ, ನೆನೆಸುವಿಕೆ, ಎಲೆಕ್ಟ್ರೋಲೈಟ್ ನಾಲ್ಕೂ ಸರಿಯಿದ್ದು, ಮೂರು ಹೊಸ ಸೆಲ್‌ಗಳಲ್ಲೂ ಅದೇ ಕೊರತೆ ಕಂಡರೆ ಮಾತ್ರ ಬಿಇಟಿ (ಮೇಲ್ಮೈ ವಿಸ್ತೀರ್ಣದ ಅಳತೆ), ರಾಮನ್ (ಹಾಳೆಗಳ ರಚನೆಯ ದೋಷ), ಎಕ್ಸ್‌ಪಿಎಸ್ (ಮೇಲ್ಮೈಯ ಧಾತುಗಳು) ಪರೀಕ್ಷೆಗಳಿಗೆ ಮಾದರಿ ಕಳಿಸಿ. ಒಳ್ಳೆಯ ಬ್ಯಾಚ್‌ನ ಮಾದರಿಯನ್ನೂ ಜೊತೆಗೇ ಕಳಿಸಿ. ಕೆಟ್ಟದ್ದರ ಅಂಕಿ ಒಂದನ್ನೇ ನೋಡಿ ಹೇಳಲು ಬರುವುದು ಕಡಿಮೆ. ಪುಡಿಯ ಜೊತೆ ಲೇಪ ಹಚ್ಚಿದ ಒಂದು ಡಿಸ್ಕ್ ಕೂಡ ಇರಲಿ, ಏಕೆಂದರೆ ಪುಡಿಯಲ್ಲಿ ತೆರೆದಿದ್ದ ರಂಧ್ರಗಳು ಬೈಂಡರ್ ಸೇರಿದ ಮೇಲೆ ಮುಚ್ಚಿಹೋಗಿರಬಹುದು. ಒಣಗಿಸಿದ ತಾಪ, ಸಮಯ, ತೊಳೆದ ಸಲಗಳನ್ನು ಬಾಟಲಿಯ ಮೇಲೇ ಬರೆದು ಕಳಿಸಿ.